ನಾಲ್ಕು ನಿಮಿಷದ ಸೋಬಾನೆ

ಕ್ಯಾಸೆಟ್ಟಿನ ಪುಟ್ಟ ಕಿಟಕಿಯೊಳಗೆ ಬೂಸು ಕಾಣ್ತಿತ್ತು. ಉಪ್ಪಿನಕಾಯಿ ಜಾಡಿಯ ಮೇಲೆ ಕಟ್ಟುತ್ತಲ್ಲ, ಅಂಥದೇ ಬೆಳ್ಳನೆ ಬೂಸು. "ಇದನ್ನ ಎಲ್ಲಿಟ್ಟಿದ್ರಿ, ನೀರಿನ ಸಂಪಲ್ಲಾ?" ಅಂತ ರೇಗಿಬಿಟ್ಟೆ. ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಕೋಪ. ಅದನ್ನ ತಂದಿದ್ದ ಅತ್ತೆ ಸೊಸೆ ಎದುರಿಗೇ ಕೂತಿದ್ದರು. ಸೊಸೆ ಗಾಬರಿಯಾಗಿ ಅತ್ತೆಯ ಮುಖ ನೋಡಿದರು. ಅತ್ತೆ ನಕ್ಕರು. ನಕ್ಕರು ಅಂದ್ರೆ ಭುಜ ಎರಡೂ ಕುಣಿದವು, ಸದ್ದು ಮಾತ್ರ ಬರಲಿಲ್ಲ.

ಆಗ ನಾನು ಬನಶಂಕರಿ ಎರಡನೇ ಹಂತದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹಳೇ ವಿಡಿಯೋ ಕ್ಯಾಸೆಟ್ಟುಗಳನ್ನ ಕಂಪ್ಯೂಟರಿಗೆ ಇಳಿಸಿ ಸಿ.ಡಿ. ಮಾಡಿಕೊಡ್ತಿದ್ದೆ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಮನೆಮನೆಯಲ್ಲೂ ವಿಸಿಆರ್ ಕೆಟ್ಟು ಮೂಲೆ ಸೇರಿದ್ದ ಕಾಲ. ಅತ್ತೆ ಸೊಸೆ ಇಬ್ಬರೂ ಜರಗನಹಳ್ಳಿಯಿಂದ ಬಂದಿದ್ದರು. ಹಿಂದೆ ರಾಗಿ ಬೆಳೀತಿದ್ದ ಮನೆತನ. ಈಗ ಅದೇ ಹೊಲದ ಮೇಲೆ ಬಾಡಿಗೆ ಮನೆಗಳು. ಅತ್ತೆಗೆ ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಧ್ವನಿ ಹೋಗಿತ್ತು. ಪಿಸುಮಾತು ಉಳಿದಿತ್ತು, ಅದೂ ಹತ್ತಿರ ಕೂತವರಿಗೆ ಮಾತ್ರ. ಆಕೆಯನ್ನ ನಾನು ಅಮ್ಮ ಅಂತಲೇ ಕರೆದೆ.

"ಇದು ನಮ್ಮ ನಾದಿನಿ ಮದುವೆ ಕ್ಯಾಸೆಟ್ಟು ಮೇಡಂ," ಅಂದರು ಸೊಸೆ. "ಹನ್ನೆರಡು ವರ್ಷ ಆಯ್ತು. ಇದರಲ್ಲಿ ನಮ್ಮತ್ತೆ ನೀರು ಕರೆಯೋ ಹಾಡು ಹೇಳಿದಾರೆ. ಅದೊಂದು ನಮಗೆ ಬೇಕು. ಮುಂದಿನ ತಿಂಗಳು ನನ್ನ ಮಗಳ ಮದುವೆ."

ನೀರು ಕರೆಯೋ ಹಾಡು ಅಂದ್ರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಸೊಸೆ ಹೇಳಿದರು. ಮದುವೆ ಹಿಂದಿನ ದಿನ ಹೆಂಗಸರೆಲ್ಲ ಕೊಡ ಹಿಡಿದು ಗಂಗೆ ತರೋಕೆ ಹೋಗ್ತಾರೆ. ಆಗ ಇವರ ಮನೆಯಲ್ಲಿ ಒಂದು ಸೋಬಾನೆ ಹೇಳೋದುಂಟು. ಸುತ್ತಮುತ್ತಲ ಒಂದೊಂದು ಕೆರೆಯನ್ನೂ ಒಂದೊಂದು ಬಾವಿಯನ್ನೂ ನೆಂಟರ ಹಾಗೆ ಹೆಸರು ಹಿಡಿದು ಮದುವೆಗೆ ಕರೀತಾರೆ. ಒಬ್ಬರು ಮುಂದೆ ಹೇಳಬೇಕು, ಮಿಕ್ಕವರು ಹಿಂದೆ ಸೊಲ್ಲು ಹಿಡೀಬೇಕು. ಈ ಮನೆಯಲ್ಲಿ ಮುಂದೆ ಹೇಳೋರು ಅಮ್ಮ ಒಬ್ಬರೇ. ಜೊತೆಯವರೆಲ್ಲ ತೀರಿಹೋಗಿದ್ದರು.

"ಅಮ್ಮ ಪಿಸುಮಾತಲ್ಲಿ ಹೇಳಲಿ, ನೀವು ಬರ್ಕೊಳ್ಳಿ, ಅಷ್ಟೇ ತಾನೆ," ಅಂದೆ.

ಅಮ್ಮ ಮುಂದಕ್ಕೆ ಬಗ್ಗಿ ನನ್ನ ಮೊಣಕೈ ಹಿಡಿದುಕೊಂಡರು. "ಬರಾಕಿಲ್ಲ ಕಣವ್ವ. ಮಾತಲ್ಲಿ ಕೇಳುದ್ರೆ ಒಂದೂ ಬರಾಕಿಲ್ಲ. ರಾಗ ಎಳೀಬೇಕು, ಆಗ ಒಂದರ ಹಿಂದೆ ಒಂದು ಬತ್ತವೆ."

ಸೊಸೆಯ ಕಣ್ಣು ತುಂಬಿಕೊಂಡಿತ್ತು. "ಮೂರು ಸಲ ಕೂತ್ವಿ ಮೇಡಂ. ಸರಕ್ಕಿ ಕೆರೆ ಆದ್ಮೇಲೆ ಯಾವುದು ಅಂತಲೇ ಗೊತ್ತಾಗ್ಲಿಲ್ಲ. ನನ್ನ ಮಗಳಿಗೆ ಯಾರು ಹೇಳ್ತಾರೆ? ಇಲ್ಲಿಗೇ ನಿಂತುಹೋಗುತ್ತೆ."

ಆಯ್ತು ಅಂದೆ. ಹಾಳಾದ ಬಾಯಿ, ಸುಲಭದ ಕೆಲಸ ಅಂತಲೂ ಸೇರಿಸಿದೆ.

ಬೂಸು ಬಂದ ಟೇಪನ್ನ ಹಾಗೇ ವಿಸಿಆರಿಗೆ ಹಾಕಬಾರದು. ಹೆಡ್ ಹಾಳಾಗುತ್ತೆ, ಟೇಪೂ ಹರಿಯುತ್ತೆ. ಕ್ಯಾಸೆಟ್ಟಿನ ಐದು ಸ್ಕ್ರೂ ಬಿಚ್ಚಿ, ಒಳಗಿನ ಎರಡು ಸುರುಳಿ ತೆಗೆದು, ಒಳ್ಳೇ ಸ್ಥಿತಿಯಲ್ಲಿದ್ದ ಬೇರೆ ಕ್ಯಾಸೆಟ್ಟಿನ ಹೊಟ್ಟೆಗೆ ಹಾಕಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹಳೇ ರೇಷ್ಮೆ ಸೀರೆಯ ತುಂಡಿನ ನಡುವೆ ಟೇಪು ಹಾಯಿಸಿ, ಕೈಯಲ್ಲೇ ಮೆಲ್ಲಗೆ ಸುತ್ತುತ್ತಾ ಬಂದೆ. ಮೂರು ಮಧ್ಯಾಹ್ನ ಹಿಡೀತು. ಕಿಟಕಿಯಿಂದ ಬರೋ ಬಿಸಿಲಲ್ಲಿ ಬೂಸಿನ ಧೂಳು ತೇಲ್ತಿತ್ತು. ಯಾರದೋ ಮದುವೆ ನನ್ನ ಬೆರಳ ಸಂದಿಯಲ್ಲಿ ಹರಿದುಹೋಗ್ತಿದೆ, ನನಗೆ ಒಂದೂ ಕಾಣ್ತಿಲ್ಲ ಅನ್ನಿಸಿ ನಿದ್ದೆಗಣ್ಣಲ್ಲಿರೋ ಹಾಗೆ ಆಗ್ತಿತ್ತು.

ಕಂಪ್ಯೂಟರಿನ ವಿಷಯ ಹೇಳಬೇಕು. ಮೊದಲು ನನ್ನ ಹತ್ತಿರ ಇದ್ದಿದ್ದು ಎಲ್ಲರ ಹತ್ತಿರ ಇರೋ ವಿಂಡೋಸು. ಟಿವಿ ಕಾರ್ಡಿನ ಜೊತೆ ಬಂದ ಸಾಫ್ಟ್‌ವೇರಲ್ಲಿ ರೆಕಾರ್ಡ್ ಮಾಡಿದ್ರೆ ಎರಡು ಜಿಬಿ ಆಗ್ತಿದ್ದ ಹಾಗೆ ನಿಂತುಬಿಡೋದು. ವಧು ಹಾರ ಎತ್ತಿ ಹಿಡಿದಿರ್ತಾಳೆ, ಅಷ್ಟೇ, ಪರದೆ ಕಪ್ಪು. ಬಿಟಿಎಂನಲ್ಲಿ ಬಾಡಿಗೆಗಿದ್ದ ಬಾಗಲಕೋಟೆ ಕಡೆಯ ಒಬ್ಬರು, ಯಾವುದೋ ಆಫೀಸಿನ ಸರ್ವರ್ ನೋಡಿಕೊಳ್ಳೋರು, ತಮ್ಮ ತಂಗಿಯ ಮದುವೆ ಕ್ಯಾಸೆಟ್ ತಂದಿದ್ದಾಗ ನನ್ನ ಬೈಗುಳ ಕೇಳಿಸಿಕೊಂಡು ನಕ್ಕಿದ್ದರು. "ಮಶಿನ್ನಿಗೆ ಯಾಕ ಬೈತೀರಿ ಮೇಡಂ, ಅದರೊಳಗ ಕುಂತಾಂವಗ ಬೈರಿ," ಅಂತ ಹೇಳಿ, ಮುಂದಿನ ಭಾನುವಾರ ಮೂರು ಸಿ.ಡಿ. ತಂದು ಲಿನಕ್ಸ್ ಹಾಕಿಕೊಟ್ಟರು.

ನನಗೆ ಅದರ ಮುಖ ನೋಡಿದ್ರೇ ಆಗ್ತಿರಲಿಲ್ಲ. ಕಪ್ಪು ಪರದೆ, ಬಿಳೀ ಅಕ್ಷರ, ಮೌಸಿಗೆ ಕೆಲಸವೇ ಇಲ್ಲ. ರೆಕಾರ್ಡ್ ಮಾಡೋಕೆ ಎರಡು ಸಾಲಿನ ಕಮಾಂಡು ಟೈಪ್ ಮಾಡಬೇಕು. ಒಂದು ಅಡ್ಡಗೆರೆ ತಪ್ಪಿದ್ರೆ ಒಂದು ಪುಟ ಬೈಗುಳ ವಾಪಸ್ ಬರುತ್ತೆ. ಆದ್ರೆ ಒಂದು ಒಪ್ಪಬೇಕು, ಅದು ಸುಳ್ಳು ಹೇಳ್ತಿರಲಿಲ್ಲ. ಪ್ರತಿ ಸೆಕೆಂಡಿಗೆ ಇಪ್ಪತ್ತೈದು ಫ್ರೇಮ್ ಬರಬೇಕು, ಎಷ್ಟು ಬಂತು ಎಷ್ಟು ಬಿದ್ದುಹೋಯ್ತು ಅಂತ ಕೆಳಗಡೆ ಎಣಿಸ್ತಾ ಹೋಗೋದು. ಚಿತ್ರವನ್ನ ಒಂದು ಚೂರೂ ಕೆಡಿಸದೆ ಸುತ್ತಿಡೋ ಒಂದು ವಿಧಾನ ಇತ್ತು, ಗಂಟೆಗೆ ಮೂವತ್ತು ಜಿಬಿ ನುಂಗುತ್ತೆ. ಬಾಗಲಕೋಟೆಯವರು ಅದರಲ್ಲೇ ಮಾಡಿ ಅಂತ ಹಟ ಹಿಡಿದಿದ್ದರು. ಅವರದು ಒಂದೇ ಪಾಠ: "ಮೂಲ ಫೈಲ್ ಮುಟ್ಟಬ್ಯಾಡ್ರಿ. ಏನ ಮಾಡೂದಿದ್ರೂ ಕಾಪಿ ಮ್ಯಾಲ ಮಾಡ್ರಿ. ಖಾಲಿ ಕಾಣತೈತಿ ಅಂತ ಏನೂ ಕತ್ತರಸಬ್ಯಾಡ್ರಿ."

ಜರಗನಹಳ್ಳಿಯ ಟೇಪು ಹಾಕೋ ಮುಂಚೆ ಬೇರೊಂದು ಬೇಡದ ಟೇಪಿನಲ್ಲಿ ಪರೀಕ್ಷೆ ಮಾಡಿದೆ. ಫ್ರೇಮುಗಳು ಮಳೆ ಹನಿಯ ಹಾಗೆ ಉದುರ್ತಿದ್ದವು. ತಲೆ ಕೆಟ್ಟು ಕೆರ ಹಿಡೀತು. ಫೋನ್ ಮಾಡಿದ್ರೆ, "ಡಿಸ್ಕಿಗೆ ಡಿಎಂಎ ಆನ್ ಆಗಿಲ್ರಿ, ಪ್ರೊಸೆಸರ್ ಒಬ್ಬಂವನ ಎಲ್ಲಾ ಹೊರಾಕತ್ತಾನ," ಅಂತ ಹೇಳಿ ಒಂದು ಸಾಲು ಬರೆಸಿದರು. ಟೈಪ್ ಮಾಡಿದೆ. ಬೀಳ್ತಿದ್ದ ಫ್ರೇಮು ನಿಂತೇಹೋಯ್ತು. ಆ ಕ್ಷಣ ಆ ಕಪ್ಪು ಪರದೆಯ ಮೇಲೆ ಸ್ವಲ್ಪ ಪ್ರೀತಿ ಬಂದಿದ್ದು ನಿಜ.

ಮಾರನೇ ಮಧ್ಯಾಹ್ನ ಅಮ್ಮನ ಟೇಪು ಹಾಕಿದೆ. ಮೊದಲು ಪರದೆ ತುಂಬ ಬರೀ ಬಿಳೀ ಚುಕ್ಕಿಗಳ ಹಿಮ, ಆಮೇಲೆ ಚಿತ್ರ ನಡುಗ್ತಾ ಬಂತು. ನೀಲಿ ಸ್ವಲ್ಪ ಜಾಸ್ತಿ, ಕೆಂಪು ಅಂಚು ದಾಟಿ ಹರಡಿಕೊಂಡಿತ್ತು. ಹಸಿರು ಚಪ್ಪರದ ಕೆಳಗೆ ಹೆಂಗಸರು ನಡೀತಿದ್ದರು, ನೀರೊಳಗೆ ನಡೆಯೋರ ಹಾಗೆ. ಕನಕಪುರ ರಸ್ತೆ ಮಣ್ಣಿನ ಅಂಚಿನದು. ಹಿಂದೆ ಒಂದು ಬಸ್ಸು ಧೂಳೆಬ್ಬಿಸಿಕೊಂಡು ಹೋಗಿ ಧೂಳಲ್ಲೇ ಕರಗಿತು. ಅದರಾಚೆ ಒಂದೂ ಕಟ್ಟಡ ಇಲ್ಲ, ಆಕಾಶ ನೆಲದವರೆಗೂ ಇತ್ತು. ಎಲ್ಲರ ಮುಂದೆ ಅಮ್ಮ, ಇನ್ನೂ ಕೂದಲು ಕಪ್ಪಗಿದ್ದ ಅಮ್ಮ, ಬಾಯಿ ತುಂಬ ಹಾಡ್ತಿದ್ದರು. ಕಂಪ್ಯೂಟರಿಗೆ ಭಾರ ಆಗದಿರಲಿ ಅಂತ ಸ್ಪೀಕರ್ ಮುಚ್ಚಿದ್ದೆ. ಹಾಡಿನ ಕೊನೆಗೆ ಪರದೆ ಮೇಲಿಂದ ಗುಲಾಬಿ ಹೂವು ಉದುರಿ, ಹೃದಯದ ಆಕಾರದಲ್ಲಿ ಚಿತ್ರ ಮುಚ್ಚಿಕೊಂಡು, ಮದುಮಗಳ ಮುಖ ತೆರೆದುಕೊಂಡಿತು. ಯಾವನೋ ಎಡಿಟರ್ ಮಹಾಶಯನ ರಸಿಕತೆ ನೋಡು ಅಂತ ಒಬ್ಬಳೇ ನಕ್ಕೆ. ಅಷ್ಟರಲ್ಲಿ ಕೆಳಗಿನಿಂದ ಯಾರೋ ಕರೆದರು, ಕಂಪ್ಯೂಟರ್ ತನ್ನ ಪಾಡಿಗೆ ಓಡಲಿ ಅಂತ ಬಿಟ್ಟು ಎದ್ದೆ. ಒಂದೂ ಫ್ರೇಮ್ ಬಿದ್ದಿರಲಿಲ್ಲ.

ಸಂಜೆ ಫೈಲ್ ತೆರೆದು ಸ್ಪೀಕರ್ ಹಾಕಿದೆ. ಧ್ವನಿಯೇ ಇಲ್ಲ. ಎರಡು ಗಂಟೆ, ಒಂದು ಉಸಿರಾಟದ ಸದ್ದೂ ಇಲ್ಲ.

"ಧ್ವನಿ ಒಳಗ ಬರೂ ಲೈನ್-ಇನ್ ಮ್ಯೂಟ್ ಇತ್ತೇನ್ರಿ?" ಅಂತ ಕೇಳಿದರು ಬಾಗಲಕೋಟೆಯವರು ಫೋನಲ್ಲಿ. "ಲಿನಕ್ಸಿನಾಗ ಶುರುವಿಗೆ ಎಲ್ಲಾ ಮ್ಯೂಟ್ ಇರತಾವ ನೋಡ್ರಿ. ಧ್ವನಿ ಏರ್ಸಿ ಇಳಸೂ ಮಿಕ್ಸರ್ ತಗದು ಬಿಡಸಬೇಕು. ಹೇಳೂದ ಮರತಿದ್ದೆ."

"ಮರೆತಿದ್ರಾ? ನಿಮ್ಮ ಮನೆ ಕಾಯ್ವಾಗ!" ಅಂತ ಫೋನ್ ಇಟ್ಟೆ. ಆಮೇಲೆ ಐದು ನಿಮಿಷ ಬಿಟ್ಟು ನಾನೇ ಮಾಡಿ ಸಾರಿ ಕೇಳಿದೆ. ಅವರು ಆಗಲೂ ಒಂದೇ ಮಾತು ಹೇಳಿದ್ದು: "ಆ ಫೈಲ್ ಅಳಸಬ್ಯಾಡ್ರಿ. ಮೂಕ ಇದ್ರೂ ಇರಲಿ." ಡಿಸ್ಕಿನಲ್ಲಿ ಜಾಗ ಇಲ್ಲದಿದ್ರೂ ಹಾಡಿನ ಭಾಗವನ್ನ ಹಾಗೇ ಬಿಟ್ಟೆ.

ಎರಡನೇ ಸಲ ಮ್ಯೂಟ್ ತೆಗೆದು, ಸ್ಪೀಕರ್ ಹಾಕಿಕೊಂಡೇ ಕೂತೆ. ಹೆಂಗಸರು ಚಪ್ಪರ ದಾಟಿದರು. ಅಮ್ಮ ಬಗ್ಗಿ ಕೊಡ ಎತ್ತಿ ಸೊಂಟಕ್ಕಿಟ್ಟರು. ಆ ಕೊಡ ಸೊಂಟ ಮುಟ್ಟೋ ಕ್ಷಣಕ್ಕೆ ಸರಿಯಾಗಿ ತಬಲದ ಪೆಟ್ಟು ಬಿತ್ತು, ಆ ವರ್ಷ ಎಲ್ಲ ಮದುವೆಗೂ ಹಾಕ್ತಿದ್ದ ಒಂದು ಸಿನಿಮಾ ಹಾಡು ಶುರುವಾಯ್ತು. ಅಮ್ಮನ ಬಾಯಿ ಅಲ್ಲಾಡ್ತಿತ್ತು. ಕೇಳ್ತಿದ್ದಿದ್ದು ಹಿನ್ನೆಲೆ ಗಾಯಕಿಯ ಧ್ವನಿ.

ಟೇಪು ನಿಲ್ಲಿಸಿಬಿಟ್ಟೆ. ಸಿನಿಮಾ ಹಾಡು ಇದ್ದಿದ್ದಕ್ಕಲ್ಲ, ಆಗಿನ ಕಾಲದಲ್ಲಿ ಹಾಡು ಹಾಕದ ಮದುವೆ ಕ್ಯಾಸೆಟ್ಟೇ ಇರಲಿಲ್ಲ. ತಬಲದ ಪೆಟ್ಟಿಗೆ ಕೊಡ ಸೊಂಟಕ್ಕೆ ಕೂರಿಸೋದು, ಅದು ನಾನು. ಜಯನಗರದ ಒಂದು ಸ್ಟುಡಿಯೋದಲ್ಲಿ ಎರಡು ವಿಸಿಆರ್ ಇಟ್ಟುಕೊಂಡು ಮದುವೆ ಟೇಪು ಎಡಿಟ್ ಮಾಡ್ತಿದ್ದೆ. ಮೊದಲ ತಾಳ ಯಾವುದಾದರೂ ಚಲನೆಗೆ ಕೂರಲೇಬೇಕು ಅಂತ ನನಗೊಂದು ಗೀಳು. ಬೇರೆಯವರು ಸುಮ್ಮನೆ ಹಾಡು ಬಿಟ್ಟುಬಿಡೋರು, ನಾನು ಒಂದಕ್ಕೆ ಹತ್ತು ಸಲ ಹಿಂದೆ ಮುಂದೆ ಓಡಿಸಿ ಕೂರಿಸ್ತಿದ್ದೆ. ಎಲ್ಲರೂ ಹೊಗಳೋರು, ನನಗೆ ಕೋಡು ಬರೋದು. ಟೇಪಿನ ಕೊನೆಗೆ ಓಡಿಸಿ ನೋಡಿದೆ. ಅದೇ ಸ್ಟುಡಿಯೋದ ಹೆಸರು, ಗುಲಾಬಿ ಬಳ್ಳಿಯೊಳಗೆ.

ಅಂದ್ರೆ ಅಮ್ಮನ ಧ್ವನಿ ಅಳಿಸಿದವಳು ನಾನೇ.

ಅಲ್ಲಿಗೂ ಮುಗೀಲಿಲ್ಲ. ಟೇಪು ಹೊರಗೆ ತೆಗೆದಾಗ ಅಂಚು ಒಂದು ಗೇಣು ಉದ್ದ ಮುದುರಿಕೊಂಡಿತ್ತು. ಇನ್ನೊಂದು ಸಲ ಓಡಿದ್ರೆ ಹೆಚ್ಚು. ಅದರ ಮೇಲೆ ಓಡಿಸಿದ್ರೆ ಹರಿಯುತ್ತೆ.

ನಾಲ್ಕು ದಿನ ಆ ಕಡೆ ತಲೆ ಹಾಕಲಿಲ್ಲ. ಸೊಸೆ ಫೋನ್ ಮಾಡಿದಾಗ, "ಆಗ್ತಿದೆ, ಹಳೇ ಟೇಪಲ್ವಾ, ನಿಧಾನ," ಅಂದೆ. ಮಧ್ಯಾಹ್ನ ಮಲಗಿದ್ರೆ ಆ ಧ್ವನಿಯಿಲ್ಲದ ಚಿತ್ರವೇ ಕಣ್ಣ ಮುಂದೆ ಬರೋದು. ಅಮ್ಮ ಬಾಯಿ ತೆರೀತಾರೆ, ಕೆರೆಯ ಹೆಸರು ಹೇಳ್ತಾರೆ, ನಾನು ಕೇಳಿಸಿಕೊಳ್ಳೋಕೆ ಹತ್ತಿರ ಹೋಗ್ತೀನಿ, ಹೋದಷ್ಟೂ ಚಿತ್ರ ಹಿಮವಾಗುತ್ತೆ. ಎದ್ದು ಕೂತು, ಥೂ, ನಿನ್ನ ತಬಲದ ಗೀಳಿಗಿಷ್ಟು ಅಂತ ನನ್ನನ್ನೇ ಬೈದುಕೊಳ್ತಿದ್ದೆ.

ಐದನೇ ದಿನ ಕಾಫಿ ಕಾಸ್ತಾ ನಿಂತಿದ್ದಾಗ ಒಂದು ಹಳೇ ಜಗಳ ನೆನಪಾಯ್ತು. ಸ್ಟುಡಿಯೋದ ದಿನಗಳಲ್ಲಿ ಜೆ.ಪಿ. ನಗರದ ಒಬ್ಬ ಡಾಕ್ಟರು ಮಗನ ಮದುವೆ ಟೇಪು ತಂದು ಮೇಜಿನ ಮೇಲೆ ಬಿಸಾಕಿದ್ದರು. "ಹಾಡು ಹಾಕಿದೀವಿ ಅಂತೀರಿ, ನಮ್ಮನೆ ವಿಸಿಆರಲ್ಲಿ ಒಂದು ಹಾಡೂ ಬರ್ತಿಲ್ಲ, ಬರೀ ಜನರ ಗಲಾಟೆ!" ನಮ್ಮಲ್ಲಿದ್ದ ಎರಡರಲ್ಲಿ ಮಾಮೂಲಿ ವಿಸಿಆರಿಗೆ ಹಾಕಿದ್ರೆ ಹಾಡು ಚೆನ್ನಾಗೇ ಬರ್ತಿತ್ತು. ಆಮೇಲೆ ಗೊತ್ತಾಗಿದ್ದು, ಅವರದು ಫಾರಿನ್ನಿಂದ ತಂದ ಹೈ-ಫೈ ಡೆಕ್ಕು, ಅಂದ್ರೆ ದುಬಾರಿ ಜಾತಿಯ ವಿಸಿಆರು.

ಕಾಫಿ ಉಕ್ಕಿಹೋಯ್ತು. ಉಕ್ಕಲಿ.

ಮಾಮೂಲಿ ವಿಸಿಆರ್ ಧ್ವನಿಯನ್ನ ಟೇಪಿನ ಅಂಚಲ್ಲಿ ಒಂದು ಸಣ್ಣ ಪಟ್ಟಿಯಾಗಿ ಬರೆಯುತ್ತೆ. ಹೈ-ಫೈ ಡೆಕ್ಕು ಅಂಚಲ್ಲೂ ಬರೆಯುತ್ತೆ, ಜೊತೆಗೆ ಚಿತ್ರದ ಅಡಿಯಲ್ಲಿ, ಅದೇ ಜಾಗದಲ್ಲಿ, ಇನ್ನೊಂದು ಪ್ರತಿ ಬರೆಯುತ್ತೆ. ನಾವು ಎಡಿಟ್ ಮಾಡ್ತಿದ್ದಿದ್ದು ಹೈ-ಫೈ ಡೆಕ್ಕಲ್ಲಿ. ಆಡಿಯೋ ಡಬ್ ಬಟನ್ ಒತ್ತಿ ಸಿನಿಮಾ ಹಾಡು ಸೇರಿಸಿದಾಗ ಅಳಿಸಿಹೋಗೋದು ಅಂಚಿನ ಪಟ್ಟಿ ಮಾತ್ರ. ಅಡಿಯಲ್ಲಿರೋದನ್ನ ಅಳಿಸಬೇಕಂದ್ರೆ ಚಿತ್ರವನ್ನೇ ಅಳಿಸಬೇಕು. ಜನರ ಮನೆಯಲ್ಲೆಲ್ಲ ಮಾಮೂಲಿ ವಿಸಿಆರ್ ಇದ್ದಿದ್ದರಿಂದ ಅಂಚಿನ ಹಾಡು ಮಾತ್ರ ಕೇಳಿಸ್ತಿತ್ತು, ನನ್ನ ಮನೆಯಲ್ಲಿದ್ದಿದ್ದೂ ಅಂಥದೇ. ಅಮ್ಮನ ಧ್ವನಿ ಹನ್ನೆರಡು ವರ್ಷ ಆ ಸಿನಿಮಾ ಹಾಡಿನ ಅಡಿಯಲ್ಲಿ ಹಾಗೇ ಮಲಗಿತ್ತು.

ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷ ಆಗಿತ್ತು. ಮಾಲೀಕರು ಶ್ರೀನಗರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದರು. ಆಟೋ ಹತ್ತಿ ಅಲ್ಲಿಗೇ ಹೋದೆ. "ಕ್ಯಾಮೆರಾದ ಮೂಲ ಟೇಪು ಇದೆಯಾ ಸಾರ್?" ಅಂದ್ರೆ, ಪಾಪ, ನಕ್ಕುಬಿಟ್ಟರು. "ಏನಮ್ಮ ಹಿಂಗಂತೀಯ, ಅದು ಮುಂದಿನ ವಾರವೇ ಇನ್ನೊಂದು ಮದುವೆಗೆ ಹೋಗ್ತಿತ್ತಲ್ಲ. ನೀನೇ ಅಲ್ವಾ ಹಿಂದಕ್ಕೆ ಸುತ್ತಿ ಕೊಡ್ತಿದ್ದವಳು."

"ಆ ಹೈ-ಫೈ ಡೆಕ್ಕು?"

ಅದಿತ್ತು. ಅಂಗಡಿಯ ಹಿಂದಿನ ಗೋಡೆಗೆ ಆನಿಸಿಟ್ಟು, ಮೇಲೊಂದು ಕೆಂಪು ಬಟ್ಟೆ ಹೊದಿಸಿ, ಅದರ ಮೇಲೆ ಗಣಪತಿ ಪಟ ಇಟ್ಟು ದಿನಾ ಊದುಕಡ್ಡಿ ಹಚ್ಚುತ್ತಿದ್ದರು. "ಪೀಠಕ್ಕೆ ಸರಿಯಾದ ಎತ್ತರ ಕಣಮ್ಮ," ಅಂತ ಸಂಕೋಚ ಪಟ್ಟುಕೊಂಡರು. ಗಣಪತಿಯನ್ನ ಜೆರಾಕ್ಸ್ ಮೆಷಿನ್ ಮೇಲೆ ಕೂರಿಸಿ, ಡೆಕ್ಕನ್ನ ಎತ್ತಿಕೊಂಡು ಬಂದೆ. ಒಳಗೆಲ್ಲ ಊದುಕಡ್ಡಿ ಬೂದಿ. ಬೆಲ್ಟು ಬದಲಾಯಿಸಿ, ಹೆಡ್ಡನ್ನ ಸ್ಪಿರಿಟ್ ಹಚ್ಚಿ ಒರೆಸಿ, ಬೇಡದ ಟೇಪಿನಲ್ಲಿ ಓಡಿಸಿದೆ. ಓಡಿತು. ಬರೆದ ಡೆಕ್ಕಿನಲ್ಲೇ ಓದಿಸಿದ್ರೆ ಟೇಪು ಚೆನ್ನಾಗಿ ಬರುತ್ತೆ ಅನ್ನೋದು ನಮ್ಮ ಕಸುಬಿನವರೆಲ್ಲ ನಂಬಿದ ಮಾತು. ನಾನೂ ಅದನ್ನೇ ನಂಬಿ ಕೂತೆ.

ಆದರೆ ಒಂದು ತೊಡಕು. ಹೈ-ಫೈ ಧ್ವನಿ ಬಹಳ ಸೂಕ್ಷ್ಮ. ಹೆಡ್ಡು ಟೇಪಿನ ಗೆರೆಯ ಮೇಲೆ ಸರಿಯಾಗಿ ಕೂರದಿದ್ರೆ ಡೆಕ್ಕು ತಾನಾಗೇ ಅಂಚಿನ ಪಟ್ಟಿಗೆ ಹಾರಿಬಿಡುತ್ತೆ. ಅದನ್ನ ಸರಿಪಡಿಸೋಕೆ ಟ್ರ್ಯಾಕಿಂಗ್ ಅನ್ನೋ ಒಂದು ತಿರುಗುಣಿ ಇರುತ್ತೆ. ಹಳೇ ಟೇಪುಗಳಲ್ಲಿ ಚಿತ್ರ ಚೆನ್ನಾಗಿ ಬರೋ ಜಾಗವೇ ಬೇರೆ, ಧ್ವನಿ ಚೆನ್ನಾಗಿ ಬರೋ ಜಾಗವೇ ಬೇರೆ. ಓಡಿಸೋಕೆ ಇರೋದು ಒಂದೇ ಸಲ. ಯಾವುದನ್ನ ಹಿಡೀಲಿ?

ಆ ಮೂಕ ಫೈಲು ನೆನಪಾಯ್ತು. ಹಾಳಾಯ್ತು ಅಂತ ನಾನು ಬೈದಿದ್ದ ಮೊದಲ ರೆಕಾರ್ಡಿಂಗು. ಅದರಲ್ಲಿ ಚಿತ್ರ ಪೂರ್ತಿ ಇದೆ, ಒಂದು ಫ್ರೇಮೂ ಬಿದ್ದಿಲ್ಲ. ಹಾಗಾದ್ರೆ ಈ ಸಲ ಚಿತ್ರದ ಆಸೆ ಬಿಟ್ಟುಬಿಡೋದು. ಕಣ್ಣು ಮುಚ್ಚಿಕೊಂಡು ಧ್ವನಿ ಮಾತ್ರ ಹಿಡಿಯೋದು.

ಬಾಗಲಕೋಟೆಯವರಿಗೆ ಹೇಳಿದೆ. "ಭಾರಿ ಹೇಳಿದ್ರಿ ಮೇಡಂ," ಅಂದರು. "ಹಂಗಾರ ವಿಡಿಯೋ ಬಿಟ್ಟು ಆಡಿಯೋ ಅಷ್ಟ ಹಿಡಿಯೂ ಕಮಾಂಡ್ ಕೊಡ್ತೀನಿ ಬರ್ಕೋರಿ. ಮಿಕ್ಸರ್ ನೋಡ್ರಿ ಮತ್ತ."

"ನೋಡ್ತೀನಿ," ಅಂದೆ. ಈ ಸಲ ಬೈಯಲಿಲ್ಲ.

ಟೇಪು ಹಾಕಿ, ಕೊಡ ಎತ್ತೋಕೆ ಅರ್ಧ ನಿಮಿಷ ಮುಂಚಿನಿಂದ ಓಡಿಸಿದೆ. ಬಲಗೈ ತಿರುಗುಣಿಯ ಮೇಲೆ. ಮೊದಲು ಇದಕ್ಕೂ ಮುಂಚಿನ ಸಿನಿಮಾ ಹಾಡಿನ ಬಾಲ ಬಂತು. ಕೂದಲೆಳೆಯಷ್ಟು ತಿರುಗಿಸಿದೆ, ಗರ್ರ್ ಅಂತು. ಇನ್ನೊಂದು ಎಳೆ. ಹಾಡು ಮಾಯವಾಯ್ತು. ಆ ಜಾಗದಲ್ಲಿ ಬಯಲಿನ ಗಾಳಿ, ದೂರದಲ್ಲಿ ಒಂದು ಹಸು, ಕೊಡ ಬಳೆಗೆ ತಗುಲಿ ಟಣ್ ಅಂದಿದ್ದು, ಆಮೇಲೆ ಒಂದು ಕಂಠ. ದಪ್ಪ ಕಂಠ, ಗಂಡಸರದೇನೋ ಅನ್ನಿಸೋ ಅಷ್ಟು ತೂಕದ್ದು. ಆ ಸಣಕಲು ಜೀವದಲ್ಲಿ ಇಂಥದಿತ್ತಾ!

*ಸರಕ್ಕಿ ಕೆರೆಯೋಳೆ, ಸೆರಗೊದ್ದು ಬಾರಕ್ಕ, ನಮ್ಮನೆ ಚಪ್ಪರ ನೆರಳಾಯ್ತು...* ಹಿಂದಿನಿಂದ ಹೆಂಗಸರ ಸೊಲ್ಲು, *ಸೋಬಾನೆ*. ಆಮೇಲೆ ಪುಟ್ಟೇನಹಳ್ಳಿ ಕೆರೆ ಬಂತು, ಚುಂಚಘಟ್ಟದ ಕೆರೆ ಬಂತು. ನಡುವೆ ಎರಡು ಸಲ ಡೆಕ್ಕು ಹಾರಿ ಸಿನಿಮಾ ಹಾಡಿನ ತುಣುಕು ನುಗ್ಗಿತು, ಹಲ್ಲು ಕಚ್ಚಿ ವಾಪಸ್ ತಂದೆ. ಪರದೆಯ ಮೇಲೆ ಚಿತ್ರ ಪೂರ್ತಿ ಹರಿದು ಚಿಂದಿಯಾಗಿತ್ತು. ನಾನು ನೋಡ್ತಿರಲಿಲ್ಲ. ಜೆ.ಪಿ. ನಗರದ ಬಸ್ಸು ಎಷ್ಟೋ ಸಲ ಹತ್ತಿ ಇಳಿದಿದ್ದೀನಿ, ಈ ನೀರುಗಳೆಲ್ಲ ಒಂದೇ ಮನೆಯ ಅಕ್ಕತಂಗಿಯರು ಅಂತ ನನಗೆ ಯಾರೂ ಹೇಳಿರಲಿಲ್ಲ.

*ಕೋಣನಕುಂಟೆ ಕೆರೆಯೋಳೆ...* ಅಂತ ಅಮ್ಮ ಎತ್ತಿದರು. ಅಲ್ಲಿಗೆ ಕಟ್.

ಮದುಮಗಳ ಕೋಣೆಯ ಸದ್ದು. ಯಾರೋ ಕಾಫಿ ಕೇಳ್ತಿದ್ದರು.

ನಾಲ್ಕು ನಿಮಿಷ. ಆ ಸಿನಿಮಾ ಹಾಡು ನಾಲ್ಕು ನಿಮಿಷದ್ದು. ಹಾಡು ಮುಗಿದ ಕಡೆ ದೃಶ್ಯವನ್ನೂ ಕತ್ತರಿಸಿ, ಗುಲಾಬಿ ಉದುರಿಸಿ, ಹೃದಯ ಮುಚ್ಚಿದ್ದೆ. ಆ ದಿನ ಕ್ಯಾಮೆರಾದಲ್ಲಿ ಎಷ್ಟಿತ್ತೋ, ಹತ್ತು ನಿಮಿಷವೋ ಹದಿನೈದೋ, ಮಿಕ್ಕಿದ್ದು ಮುಂದಿನ ವಾರವೇ ಯಾರದೋ ಆರತಕ್ಷತೆಯ ಅಡಿ ಸೇರಿಹೋಗಿತ್ತು. ತಿರುಗುಣಿಯ ಮೇಲಿಂದ ಕೈ ತೆಗೆದು ಅತ್ತುಬಿಟ್ಟೆ. ಟೇಪು ಹೊರಗೆ ತೆಗೆಯೋವಾಗ ಮುದುರಿದ ಕಡೆ ಪಟ್ ಅಂತ ಹರೀತು.

ಚಿತ್ರ ಮತ್ತು ಧ್ವನಿ ಸೇರಿಸೋಕೆ ಎರಡು ದಿನ ಹಿಡೀತು. ಎರಡು ಬೇರೆ ಡೆಕ್ಕು, ಎರಡು ಬೇರೆ ವೇಗ. ಶುರುವಿನಲ್ಲಿ ಕೊಡದ ಟಣ್‌ಗೆ ಕೂರಿಸಿದ್ರೆ ಕೊನೆಯಲ್ಲಿ ತುಟಿ ಒಂದು ಕಡೆ ಮಾತು ಒಂದು ಕಡೆ. ಧ್ವನಿಯನ್ನ ಎಳ್ಳಷ್ಟು ಹಿಗ್ಗಿಸಿ, ನೋಡಿ, ಮತ್ತೆ ಹಿಗ್ಗಿಸಿ. ಎಲ್ಲ ಕಾಪಿಯ ಮೇಲೆ. ಮೂಲ ಎರಡೂ ಬೇರೆ ಫೋಲ್ಡರಲ್ಲಿ ಬೀಗ ಹಾಕಿದ ಹಾಗಿದ್ದವು. ತಬಲಕ್ಕೆ ಕೂರಿಸಿದ್ದ ಕೊಡವನ್ನ ಅದರ ಸ್ವಂತ ಸದ್ದಿಗೇ ವಾಪಸ್ ಕೂರಿಸೋದು ನನಗೆ ಬಂದ ಶಿಕ್ಷೆ ಅಂದುಕೊಂಡೇ ಮಾಡಿದೆ.

ಆಮೇಲೆ ಅತ್ತೆ ಸೊಸೆಯನ್ನ ಕರೆಸಿದೆ. ಕೂತ ತಕ್ಷಣ, ಕಾಫಿ ಕೊಡೋ ಮುಂಚೆಯೇ, ಒಂದೇ ಉಸಿರಲ್ಲಿ ಹೇಳಿಬಿಟ್ಟೆ. "ಅಮ್ಮ, ಈ ಟೇಪು ಎಡಿಟ್ ಮಾಡಿದ್ದು ನಾನೇ. ನಿಮ್ಮ ಹಾಡಿನ ಮೇಲೆ ಸಿನಿಮಾ ಹಾಡು ಹಾಕಿದ್ದೂ ನಾನೇ, ಅರ್ಧಕ್ಕೆ ಕತ್ತರಿಸಿದ್ದೂ ನಾನೇ. ಹಾಡು ಸಿಕ್ಕಿದೆ, ಪೂರ್ತಿ ಇಲ್ಲ. ಕೋಣನಕುಂಟೆವರೆಗೆ ಮಾತ್ರ. ತಪ್ಪಾಯ್ತು."

ಸೊಸೆ ಕಣ್ಣು ಕೆಂಪು ಮಾಡಿಕೊಂಡರು. "ಯಾಕೆ ಮೇಡಂ ಹಂಗೆ ಮಾಡಿದ್ರಿ? ನಿಮಗೇನು ಗೊತ್ತಾಗ್ಲಿಲ್ವಾ ಅದು ಹಾಡು ಅಂತ?"

ಗೊತ್ತಾಗಿತ್ತು. ಗೊತ್ತಾಗಿದ್ದೂ, ಹೆಂಗಸರ ಹಾಡು ಯಾರು ಕೇಳ್ತಾರೆ ಅಂದುಕೊಂಡಿದ್ದೆ. ಅದನ್ನೇ ಹೇಳಿದೆ. ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ.

ಅಮ್ಮ ಪರದೆಯ ಕಡೆ ಗದ್ದ ಎತ್ತಿ ತೋರಿಸಿದರು, ಹಾಕು ಅಂತ.

ಹಾಕಿದೆ. ಗಾಳಿ, ಹಸು, ಟಣ್. ತಮ್ಮ ಕಂಠ ಕೇಳಿದ ಕೂಡಲೇ ಅಮ್ಮ ಕೈಯನ್ನ ಗಂಟಲಿನ ಗಾಯದ ಗುರುತಿನ ಮೇಲಿಟ್ಟುಕೊಂಡರು. ಕಣ್ಣಲ್ಲಿ ನೀರಿಳೀತಿತ್ತು, ಒರೆಸಿಕೊಳ್ಳಲಿಲ್ಲ. ಸೊಸೆ ತಮಗೇ ಗೊತ್ತಿಲ್ಲದೆ ಸೋಬಾನೆ ಅಂತ ಸೊಲ್ಲು ಹಿಡಿದರು. ಸರಕ್ಕಿ ಹೋಯ್ತು, ಪುಟ್ಟೇನಹಳ್ಳಿ, ಚುಂಚಘಟ್ಟ. *ಕೋಣನಕುಂಟೆ ಕೆರೆಯೋಳೆ...*

ಕಟ್.

ಆ ನಿಶ್ಶಬ್ದದಲ್ಲಿ ಪಿಸುಧ್ವನಿ ಬಂತು. *...ಕೊಡ ತುಂಬಿ ಬಾರಕ್ಕ.*

ಅಮ್ಮ ನಮ್ಮನ್ನ ನೋಡ್ತಿರಲಿಲ್ಲ. ಖಾಲಿ ಪರದೆಯನ್ನೇ ನೋಡ್ತಾ, ಬೆರಳಲ್ಲಿ ತೊಡೆಯ ಮೇಲೆ ತಾಳ ಹಾಕ್ತಾ ಇದ್ದರು. ಬರೀ ಉಸಿರು, ರಾಗ ಇಲ್ಲ. ಆದರೆ ಎಳೆತ ಅದೇ. ತಮ್ಮದೇ ಕಂಠ ಇಲ್ಲಿವರೆಗೆ ಎಳೆದುಕೊಂಡು ಬಂದು ಬಿಟ್ಟಿತ್ತಲ್ಲ, ಅಲ್ಲಿಂದ ಮುಂದಕ್ಕೆ ಹೊರಟಿದ್ದರು. ಸೊಸೆ ನನ್ನ ಮುಖ ನೋಡಿ, ಸೋಬಾನೆ ಅಂದರು. ಪಿಸುಧ್ವನಿ ಮುಂದುವರೀತು. ಯಲಚೇನಹಳ್ಳಿ ಕೆರೆಯೋಳೆ.

ನಾನು ಸದ್ದು ಮಾಡದೆ ಮೈಕಿನ ವೈರು ಚುಚ್ಚಿ, ಅದನ್ನ ಅಮ್ಮನ ಮಡಿಲ ಹತ್ತಿರ ಸರಿಸಿದೆ. ಮಿಕ್ಸರ್ ತೆಗೆದು ಮ್ಯೂಟ್ ಬಿಡಿಸಿದೆ. ಬಿಡಿಸಿದೆಯಾ ಅಂತ ಇನ್ನೊಂದು ಸಲ ನೋಡಿದೆ. ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತಿದೆ. ಸೆಕೆಂಡುಗಳು ಓಡೋಕೆ ಶುರುವಾದವು.

ಸುಬ್ರಹ್ಮಣ್ಯಪುರದ ಕೆರೆ ಬಂತು. ಹುಣಸೇಮರದ ಬಾವಿ ಬಂತು. ಯಾರದೋ ದೊಡ್ಡಪ್ಪನ ತೋಟದ ಬಾವಿ, ನನಗೆ ಹೆಸರೇ ಗೊತ್ತಿಲ್ಲದ ಕುಂಟೆಗಳು, ಒಬ್ಬೊಬ್ಬರಾಗಿ ನೆಂಟರು ಬರೋ ಹಾಗೆ ಬಂದರು. ನಡುನಡುವೆ ಅಮ್ಮ ಉಸಿರಿಗೆ ನಿಲ್ಲಬೇಕಾಗ್ತಿತ್ತು. ಒಂದು ಸಲ ಬಹಳ ಹೊತ್ತು ನಿಂತರು, ಮುಗೀತೇನೋ ಅನ್ನೋ ಹಾಗೆ. ನಾಲ್ಕು ನಿಮಿಷ ದಾಟಿ ಎಷ್ಟೋ ಹೊತ್ತಾಗಿತ್ತು. ನಿಲ್ಲಿಸೋ ಕೀ ನನ್ನ ಬೆರಳ ಪಕ್ಕದಲ್ಲೇ ಇತ್ತು. ಕೈ ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತೆ.